ಬರ ಬಿದ್ದಾಗ ಬಳ್ಳಾರಿ ಕಡೆಯ ಹಳೇ ಕಾಲದ ಜನ ಹೇಗೆ ಬದುಕುತ್ತಿದ್ದರು?

ಮಳೆಯನ್ನೊಂದೇ ನಂಬಿ ಕೂರುತ್ತಿರಲಿಲ್ಲ, ಅದೇ ಮುಖ್ಯ.

ಬಳ್ಳಾರಿ ಪಕ್ಕದ ಸಂಗನಕಲ್ಲು ಗುಡ್ಡಕ್ಕೆ ಹೋಗಿ ನೋಡಿ. ಬಂಡೆಗಳ ಮೇಲೆ ಕಲ್ಲಿನ ಕೊಡಲಿ ಮಸೆದ ನುಣುಪಾದ ಗೀರುಗಳಿವೆ, ಕೈಯಿಟ್ಟರೆ ಬೆರಳು ಜಾರುತ್ತದೆ. ಸುಮಾರು 4,000 ವರ್ಷಗಳ ಹಿಂದೆ ಇಲ್ಲಿದ್ದವರ ಸುಟ್ಟ ಕಾಳುಗಳೂ ಅಗೆತದಲ್ಲಿ ಸಿಕ್ಕಿವೆ: ಕೊರಲೆಯಂಥ ಕಿರುಧಾನ್ಯ, ಹುರುಳಿ, ಹೆಸರು. ಎಲ್ಲವೂ ಕಡಿಮೆ ನೀರಿಗೆ ಬರುವಂಥವು. (ನಮ್ಮ ರೊಟ್ಟಿ ಜೋಳ ಆಫ್ರಿಕಾದಿಂದ ಆಮೇಲೆ ಬಂದದ್ದು. ನಂಬೋಕೆ ಕಷ್ಟ ಅಲ್ವಾ?) ಜೊತೆಗೆ ದನ, ಕುರಿ. ಬೆಳೆ ಕೈಕೊಟ್ಟರೂ ದನಗಳನ್ನು ಮೇವಿರುವ ಕಡೆ ಹೊಡೆದುಕೊಂಡು ಹೋಗಬಹುದಿತ್ತು. ಬಳ್ಳಾರಿ ಹತ್ತಿರದ ಕುಡತಿನಿಯ ಬೂದಿದಿಬ್ಬ ಆ ಕಾಲದವರು ಸುಟ್ಟ ಸಗಣಿಯ ರಾಶಿಯೇ.

ನೀರು ಹಿಡಿಯುವ ದೊಡ್ಡ ಕೆಲಸ ತುಂಬಾ ತಡವಾಗಿ, ವಿಜಯನಗರದ ಕಾಲದಲ್ಲಿ ಜಾಸ್ತಿಯಾಯಿತು. ತುಂಗಭದ್ರೆಗೆ ಕಲ್ಲಿನ ಅಣೆಕಟ್ಟು ಹಾಕಿ ಕಾಲುವೆ ತೆಗೆದರು. ಆನೆಗೊಂದಿ, ಗಂಗಾವತಿ ಕಡೆ ಆ ಕಾಲುವೆಗಳ ನೀರಲ್ಲಿ ಇವತ್ತಿಗೂ ಭತ್ತ ಬೆಳೆಯುತ್ತಾರೆ.

ಇನ್ನು ಬರಗಾಲಕ್ಕೆಂದು ಕಾಳು ಕೂಡಿಡುವ ಹಗೇವು. ನೆಲದಲ್ಲಿ ಗುಂಡಿ ತೋಡಿ, ಹುಲ್ಲು ಹಾಸಿ, ಜೋಳ ತುಂಬಿ, ಬಾಯಿ ಮುಚ್ಚಿ ಮಣ್ಣು ಮೆತ್ತುವುದು. ಗಾಳಿ ಆಡದ್ದರಿಂದ ಹುಳ ಹಿಡಿಯುವುದು ಕಡಿಮೆ. ಆದರೆ ತೆರೆದ ತಕ್ಷಣ ಸುಮ್ನೆ ಒಳಗೆ ಇಳಿಯಬಾರದು, ಉಸಿರುಗಟ್ಟುತ್ತದೆ.