ಸಿಂಹ ನುಂಗಿದ ಆಲ್ಬರ್ಟ್ ಮತ್ತು ನಿಮ್ಮ ಲೇಖನ

ಮಾನ್ಯರೇ,

ಇಂಗ್ಲೆಂಡಿನ ಲ್ಯಾಂಕಷೈರ್ ಆಡುನುಡಿಯಲ್ಲಿ ಪ್ರಾಸ ಹಾಕಿ ರಂಗದ ಮೇಲೆ ಒಬ್ಬರೇ ನಿಂತು ಹೇಳುವ ಹಾಸ್ಯದ ಮಾನೊಲಾಗುಗಳನ್ನೂ ಅವುಗಳನ್ನು ಪ್ರಸಿದ್ಧಗೊಳಿಸಿದ ನಟ ಸ್ಟ್ಯಾನ್ಲಿ ಹಾಲೊವೇ ಅವರನ್ನೂ ಕುರಿತು ನೀವು ಕಳುಹಿಸಿದ ಲೇಖನವನ್ನು ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾಗುವುದಿಲ್ಲ. ವಿಷಯ ನಮ್ಮ ಬಹುಪಾಲು ಓದುಗರಿಗೆ ಹೊಸದು, ನಿಮ್ಮ ಗದ್ಯ ಶುದ್ಧವಾಗಿದೆ, ಆ ಧ್ವನಿಮುದ್ರಣಗಳನ್ನು ನೀವು ಅಕ್ಕರೆಯಿಂದ ಕೇಳಿದ್ದೀರಿ ಎಂಬುದೂ ಕಾಣುತ್ತದೆ. ಆದರೆ ಲೇಖನವನ್ನು ಕೊನೆಯವರೆಗೆ ಓದಿದವರಿಗೂ ಆ ಪದ್ಯಗಳು ಏಕೆ ನಗಿಸುತ್ತವೆ ಎಂಬುದು ತಿಳಿಯುವುದಿಲ್ಲ.

ಮೊದಲು ಸಂಗತಿಗಳ ತಪ್ಪನ್ನು ಹೇಳಿ ಮುಗಿಸುತ್ತೇನೆ. ಹಾಲೊವೇ ಅವರನ್ನು ನೀವು ‘ಲ್ಯಾಂಕಷೈರಿನ ಮಣ್ಣಿನ ಮಗ’ ಎಂದು ಕರೆದಿದ್ದೀರಿ. ಅವರು 1890ರಲ್ಲಿ ಹುಟ್ಟಿದ್ದು ಲಂಡನ್ನಿನ ಪೂರ್ವದ ಅಂಚಿನಲ್ಲಿರುವ ಮ್ಯಾನರ್ ಪಾರ್ಕಿನಲ್ಲಿ. ಅವರಿಗಾಗಿ ‘ದ ಲಯನ್ ಅಂಡ್ ಆಲ್ಬರ್ಟ್’ ಬರೆದುಕೊಟ್ಟ ಮ್ಯಾರಿಯಟ್ ಎಡ್ಗರ್ 1880ರಲ್ಲಿ ಸ್ಕಾಟ್ಲೆಂಡಿನ ಕರ್ಕೂಬ್ರಿಯಲ್ಲಿ ಜನಿಸಿದವರು. ವಾಟರ್ಲೂ ಕಾಳಗದ ಹೊತ್ತಿನಲ್ಲಿ ಬಂದೂಕು ಎತ್ತಿಕೊಳ್ಳಲು ಒಪ್ಪದ ಸೈನಿಕ ಸ್ಯಾಮ್ ಸ್ಮಾಲ್‌ನ ಮೊದಲ ಮಾನೊಲಾಗನ್ನು ಎಡ್ಗರ್ ಬರೆದರೆಂದಿದ್ದೀರಿ. ಅದು ಹಾಲೊವೇ ಅವರ ಸ್ವಂತ ರಚನೆ. ಇವನ್ನು ನಾವೇ ತಿದ್ದಿಕೊಳ್ಳಬಹುದಿತ್ತು. ಆದರೆ ಬರೆದವರೂ ಹೇಳಿದವರೂ ಆ ಸೀಮೆಯವರಲ್ಲ ಎಂಬುದು ನಿಮಗೆ ಗೊತ್ತಿದ್ದಿದ್ದರೆ, ಆ ನುಡಿ ಅವರ ಬಾಯಲ್ಲಿ ತಾನಾಗಿ ಬಂದದ್ದಲ್ಲ, ರಂಗಕ್ಕೆಂದು ಆರಿಸಿಕೊಂಡದ್ದು ಎಂಬ ವಿಚಾರ ನಿಮಗೆ ಹೊಳೆಯುತ್ತಿತ್ತು, ಲೇಖನದ ದಿಕ್ಕೂ ಬದಲಾಗುತ್ತಿತ್ತು.

ಪದದ ಮೊದಲಿನ ಹಕಾರ ಬಿದ್ದುಹೋಗುವುದು, ಇಂಗ್ಲಿಷಿನ ‘ದ’ (the) ಎಂಬ ಉಪಪದ ಬರಿಯ ‘ಟ್’ ಆಗಿ ಕುಗ್ಗುವುದು, ಸ್ವರಗಳು ಅಗಲವಾಗುವುದು ಇವನ್ನೆಲ್ಲ ವಿವರಿಸಿ, ಹಾಸ್ಯದ ಮೂಲ ಇಲ್ಲಿದೆ ಎಂದು ನೀವು ತೀರ್ಮಾನಿಸಿದ್ದೀರಿ. ನಾನು ಒಪ್ಪುವುದಿಲ್ಲ. ರಾಚ್‌ಡೇಲಿನ ಎಡ್ವಿನ್ ವಾ 1856ರಲ್ಲಿ, ‘ಮನೆಗೆ ಬಾ’ ಎಂದು ಗಂಡನನ್ನು ಕರೆಯುವ ಹೆಂಡತಿಯ ಪದ್ಯವನ್ನು ಬರೆದದ್ದೂ ಲ್ಯಾಂಕಷೈರ್ ನುಡಿಯಲ್ಲೇ. ಅದು ಮನ ಕರಗಿಸುವ ಪದ್ಯ. ಉಚ್ಚಾರವೇ ನಗು ತರಿಸುವುದಾದರೆ ಅದೂ ತರಿಸಬೇಕಿತ್ತು. ಒಂದು ಸೀಮೆಯ ಜನರ ನುಡಿಯೇ ತಮಾಷೆಯದು ಎನ್ನುವ ಮಾತು ಅವರನ್ನು ಕೀಳುಮಾಡುತ್ತದೆ ಎಂಬುದನ್ನೂ ನೀವು ಯೋಚಿಸಬೇಕು.

ಈಗ ಆಲ್ಬರ್ಟ್ ಕಥೆಯನ್ನೇ ಬಿಡಿಸಿ ನೋಡಿ. ನೀವು ಅದಕ್ಕೆ ಕೊಟ್ಟಿರುವುದು ನಾಲ್ಕೇ ಸಾಲು. ರಾಮ್ಸ್‌ಬಾಟಮ್ ದಂಪತಿ ಮಗನೊಂದಿಗೆ ಬ್ಲ್ಯಾಕ್‌ಪೂಲ್ ಕಡಲತೀರಕ್ಕೆ ಬರುತ್ತಾರೆ. ಅಲೆಗಳು ಸಣ್ಣವು, ಹಡಗು ಒಡೆದಿಲ್ಲ, ಯಾರೂ ಮುಳುಗಿಲ್ಲ, ಆದ್ದರಿಂದ ನಗುವಂಥದ್ದೇನೂ ಇಲ್ಲವೆಂದು ಬೇಸರಪಟ್ಟು ದುಡ್ಡು ಕೊಟ್ಟು ಮೃಗಾಲಯಕ್ಕೆ ಹೋಗುತ್ತಾರೆ. ಸಿಂಹವೆಂದರೆ ಉಗ್ರವಾಗಿರಬೇಕೆಂದು ಕೇಳಿದ್ದ ಹುಡುಗನಿಗೆ, ತೂಕಡಿಸುತ್ತ ಮಲಗಿರುವ ವಾಲೆಸ್ ಎಂಬ ಸಿಂಹ ಸರಿಕಾಣುವುದಿಲ್ಲ. ಕುದುರೆ ತಲೆಯ ಹಿಡಿಯಿದ್ದ ತನ್ನ ಕೋಲನ್ನು ಅದರ ಕಿವಿಗೆ ತುರುಕುತ್ತಾನೆ. ಸಿಂಹ ಅವನನ್ನು ನುಂಗುತ್ತದೆ. ಅಪ್ಪ ಸುದ್ದಿ ಹೇಳಿದಾಗ ಅಮ್ಮ ಹೇಳುವುದು, ತನಗೆ ಬೇಜಾರಾಯಿತು ಎಂದಷ್ಟೇ. ದುಡ್ಡು ಕೊಟ್ಟು ಒಳಗೆ ಬಂದ ಮೇಲೂ ಸಿಂಹ ಮಗನನ್ನು ತಿಂದಿತಲ್ಲ ಎಂಬುದು ದೂರಿನ ಮುಖ್ಯಾಂಶ. ವ್ಯವಸ್ಥಾಪಕ ಪರಿಹಾರ ಎಷ್ಟೆಂದು ಕೇಳಿದರೆ, ಸಾಮಾನ್ಯವಾಗಿ ಎಷ್ಟು ಕೊಡುತ್ತೀರಿ ಎಂಬ ಮರುಪ್ರಶ್ನೆ ಬರುತ್ತದೆ. ಇನ್ನೂ ಮಕ್ಕಳಾಗಲೆಂದು ನ್ಯಾಯಾಧೀಶರು ಹಾರೈಸಿದಾಗ ಮಾತ್ರ ತಾಯಿ ಸಿಡಿದೇಳುತ್ತಾಳೆ: ಸಿಂಹಗಳಿಗೆ ಮೇವು ಹಾಕಲು ಮಕ್ಕಳನ್ನು ಸಾಕುತ್ತ ಕೂರಬೇಕೇ ಎಂದು.

ಇಲ್ಲಿ ಘೋರವಾದ ಘಟನೆಯನ್ನು ಅಂಗಡಿಯಲ್ಲಿ ತೂಕ ಕಡಿಮೆ ಬಂದ ತಕರಾರಿನ ದನಿಯಲ್ಲಿ ಹೇಳಲಾಗಿದೆ. ಯಾರಿಗೂ ಅಷ್ಟು ಸುಲಭಕ್ಕೆ ಸೋಲದ, ಯಾವ ದೊಡ್ಡಸ್ತಿಕೆಗೂ ಬೆರಗಾಗದ, ಲೆಕ್ಕ ಬಿಡದ ಒಂದು ಸ್ವಭಾವವನ್ನು ಆ ಆಡುನುಡಿ ಹೊತ್ತು ತರುತ್ತದೆ. ನುಡಿಯ ಕೆಲಸ ಅದು. ‘ತ್ರೀ ಹೇಪೆನ್ಸ್ ಎ ಫುಟ್’ ಎಂಬ ಮಾನೊಲಾಗಿನಲ್ಲಿ ಪ್ರಳಯವೇ ಬಂದರೂ ಸ್ಯಾಮ್ ಎಂಬ ಮರದ ಕೆಲಸದವನು ಬೈಬಲಿನ ನೋಹನಿಗೆ ಅಡಿಯೊಂದಕ್ಕೆ ಒಂದೂವರೆ ಪೆನಿಗಿಂತ ಕಡಿಮೆ ಬೆಲೆಗೆ ಹಲಗೆ ಕೊಡುವುದಿಲ್ಲ. ಬಂದೂಕಿನ ಸ್ಯಾಮ್ ಕೂಡ ಹಾಗೆಯೇ. ಸಾರ್ಜೆಂಟ್ ಬೀಳಿಸಿದ್ದನ್ನು ಸಾರ್ಜೆಂಟೇ ಎತ್ತಿಕೊಡಲಿ ಎಂದು ಅವನು ಪಟ್ಟುಹಿಡಿಯುವುದರಿಂದ, ಸ್ವತಃ ಸೇನಾಪತಿ ವೆಲಿಂಗ್ಟನ್ ಬಂದು ನಯವಾಗಿ ಕೇಳಿಕೊಳ್ಳುವವರೆಗೆ ಕಾಳಗ ಶುರುವಾಗುವಂತಿಲ್ಲ.

ದುಡ್ಡಿನ ಮಾತು ಏಕೆ ಇಷ್ಟು ನಾಟಿತು ಎಂಬುದಕ್ಕೆ ನಿಮ್ಮ ಲೇಖನದಲ್ಲಿ ಹಿನ್ನೆಲೆಯೇ ಇಲ್ಲ. ಲ್ಯಾಂಕಷೈರಿನ ಹತ್ತಿ ಗಿರಣಿಗಳ ಊರುಗಳಲ್ಲಿ ವರ್ಷಕ್ಕೊಮ್ಮೆ ‘ವೇಕ್ಸ್’ ವಾರ ಬರುತ್ತಿತ್ತು. ಆಗ ಒಂದೊಂದು ಊರಿನ ಗಿರಣಿಗಳು ಸರದಿಯಂತೆ ಮುಚ್ಚುತ್ತಿದ್ದವು, ಕೆಲಸಗಾರರು ವರ್ಷವಿಡೀ ಕೂಡಿಟ್ಟ ದುಡ್ಡು ಹಿಡಿದು ಬ್ಲ್ಯಾಕ್‌ಪೂಲಿಗೆ ಹೋಗುತ್ತಿದ್ದರು. ಸಂಬಳಸಹಿತ ರಜೆಯ ಕಾಯಿದೆ ಬಂದದ್ದು 1938ರಲ್ಲಿ. ಆಲ್ಬರ್ಟ್ ಧ್ವನಿಮುದ್ರಣ ಹೊರಬಂದದ್ದು 1932ರಲ್ಲಿ. ಕೂಲಿಯಿಲ್ಲದ ವಾರದಲ್ಲಿ ಪ್ರವೇಶ ಶುಲ್ಕ ತೆತ್ತವರ ಲೆಕ್ಕಾಚಾರ ಕೇಳುಗರಿಗೆ ತಮ್ಮ ಮನೆಯದೇ ಆಗಿತ್ತು.

ಪ್ರದರ್ಶನದ ಬಗ್ಗೆ ನೀವು ‘ಅದ್ಭುತ’, ‘ಅನನ್ಯ’ ಎಂದಿದ್ದೀರಿ. ಅವು ಏನನ್ನೂ ಹೇಳುವುದಿಲ್ಲ. ಪದ್ಯ ನಾಲ್ಕು ನಾಲ್ಕು ಸಾಲಿನದು, ಎರಡನೆಯ ಮತ್ತು ನಾಲ್ಕನೆಯ ಸಾಲಿಗೆ ಅಂತ್ಯಪ್ರಾಸ. ಮೂರು ಸಾಲು ಶಾಂತವಾಗಿ ಸಾಗಿ ನಾಲ್ಕನೆಯದರಲ್ಲಿ ಪ್ರಾಸ ಕೂಡುವ ಹೊತ್ತಿಗೇ ಪೆಟ್ಟು ಬೀಳಬೇಕು, ಹೇಳುವವನ ಮುಖದಲ್ಲಿ ನಗುವಿನ ಸುಳಿವೂ ಇರಬಾರದು. ಈ ಗಾಂಭೀರ್ಯಕ್ಕೂ ಒಂದು ಚರಿತ್ರೆಯಿದೆ. ಜಾರ್ಜ್ ಸಿಮ್ಸ್ 1877ರಲ್ಲಿ ಬರೆದ, ಬಡವರನ್ನು ಇರಿಸುತ್ತಿದ್ದ ವರ್ಕ್‌ಹೌಸಿನ ಕ್ರಿಸ್‌ಮಸ್ ಪದ್ಯ, ಮಿಲ್ಟನ್ ಹೇಯ್ಸ್ 1911ರಲ್ಲಿ ಬರೆದ ಹಳದಿ ದೇವರ ಹಸಿರು ಕಣ್ಣಿನ ಪದ್ಯ ಇಂಥವನ್ನು ಎದೆಯ ಮೇಲೆ ಕೈಯಿಟ್ಟು ವಾಚಿಸುವುದನ್ನು ಪ್ರೇಕ್ಷಕರು ಆಗಲೇ ಚೆನ್ನಾಗಿ ಬಲ್ಲವರಾಗಿದ್ದರು. ಅದೇ ಠೀವಿಯಲ್ಲಿ, ಸಿಂಹದ ಹೊಟ್ಟೆ ಸೇರಿದ ಹುಡುಗನ ಟೋಪಿಯ ಬಗ್ಗೆ ಹೇಳಿದರೆ ಏನಾಗುತ್ತದೆಂದು ನೀವೇ ಊಹಿಸಿ.

ರಾಜರತ್ನಂ ಅವರ ‘ರತ್ನನ ಪದಗಳು’ ಜೊತೆಗಿನ ಹೋಲಿಕೆಯನ್ನು ತೆಗೆದುಹಾಕಿ. ಎರಡರಲ್ಲೂ ಆಡುಮಾತು ಮತ್ತು ಪ್ರಾಸ ಇರುವುದು ನಿಜ. ಆದರೆ ರತ್ನ ತನ್ನ ಪಾಡನ್ನು ತಾನೇ ಎದೆ ತುಂಬಿ ಹಾಡುವ ಕುಡುಕ, ಎಡ್ಗರ್ ಅವರ ನಿರೂಪಕನೋ ಪಕ್ಕದಲ್ಲಿ ನಿಂತು ವರದಿ ಒಪ್ಪಿಸುವವನು. ಈ ವ್ಯತ್ಯಾಸವನ್ನು ಹಿಡಿದು ಬರೆದರೆ ಅದೇ ಬೇರೊಂದು ಲೇಖನವಾದೀತು. ಇಲ್ಲಿ ಅದು ಓದುಗರನ್ನು ಒಲಿಸಿಕೊಳ್ಳಲು ಸೇರಿಸಿದಂತಿದೆ.

ಜೀವನಚರಿತ್ರೆಯ ಭಾಗವನ್ನು ಒಂದು ಪ್ಯಾರಾಗೆ ಇಳಿಸಿ. ‘ಮೈ ಫೇರ್ ಲೇಡಿ’ ಚಿತ್ರದಲ್ಲಿ ಹಾಲೊವೇ ಮಾಡಿದ ಡೂಲಿಟಲ್ ಪಾತ್ರಕ್ಕೆ ಒಂದು ವಾಕ್ಯ ಸಾಕು. ಒಂದೇ ಮಾನೊಲಾಗನ್ನು ಆರಿಸಿಕೊಂಡು, ಧ್ವನಿಮುದ್ರಣ ಕೇಳುತ್ತ, ಹಾಲೊವೇ ಎಲ್ಲಿ ತಡೆಯುತ್ತಾರೆ, ಎಲ್ಲಿ ದನಿ ಇಳಿಸುತ್ತಾರೆ ಎಂದು ಗುರುತು ಹಾಕಿಕೊಂಡು ಹೊಸದಾಗಿ ಬರೆಯಿರಿ. 1,500 ಪದ ಮೀರದ ಆ ಬರಹವನ್ನು ನನ್ನ ಹೆಸರಿಗೇ ಕಳುಹಿಸಿ, ನಾನೇ ಓದುತ್ತೇನೆ.

ಇಂತಿ,
ಸಂಪಾದಕ