ಟೆಂಟ್ ಆಮೇಲೆ ನೋಡೋಣ, ಮೊದಲು ಲೀಸ್‌ನಲ್ಲಿ, ಅಂದರೆ ಬಾಡಿಗೆ ಕರಾರಿನಲ್ಲಿ, ನಿಮ್ಮ ಹೆಸರಿದೆಯಾ?

ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆಗೆ ಹೊಸದಾಗಿ ಬಂದಿರುವ ನೀವು ಕೇಳಿದ್ದೀರಿ: ಇಷ್ಟು ದುಡ್ಡಿರುವ ಊರಲ್ಲಿ ಫ್ಲೈಓವರ್ ಕೆಳಗೆ ಇಷ್ಟೊಂದು ಟೆಂಟ್ ಯಾಕೆ, ಇವರೆಲ್ಲ ಡ್ರಗ್ಸ್‌ನವರಾ, ಸರ್ಕಾರ ಏನು ಮಾಡ್ತಿದೆ, ಕೈಚಾಚಿದರೆ ದುಡ್ಡು ಕೊಡಬೇಕಾ? ಕೊನೆಗೆ, ನಮ್ಮೂರಿನವರೊಬ್ಬರ ಫ್ಲಾಟ್‌ನಲ್ಲಿ ಬಾಯಿಮಾತಿನ ಮೇಲೆ ರೂಮ್ ಸಿಕ್ಕಿದೆ ಅಂತ ಒಂದು ಸಾಲು. ನನಗೆ ಯೋಚನೆ ಹತ್ತಿಸಿದ್ದು ಆ ಸಾಲು.

ದುಡ್ಡು ಕೊಡುವುದು ಬಿಡುವುದು ನಿಮ್ಮಿಷ್ಟ. ಯಾರಾದರೂ ಸಹಾಯ ಕೇಳಿದರೆ ನೆರವಿನ ಸಹಾಯವಾಣಿ 211ಕ್ಕೆ ಫೋನ್ ಮಾಡಲು ಹೇಳಿ. ಪ್ರಜ್ಞೆಯಿಲ್ಲದೆ ಬಿದ್ದಿದ್ದರೆ ತುರ್ತು ಸಂಖ್ಯೆ 911ಕ್ಕೆ ನೀವೇ ಮಾಡಿ.

ಡ್ರಗ್ಸ್, ಮಾನಸಿಕ ಕಾಯಿಲೆ ಇಲ್ಲವೇ ಇಲ್ಲ ಅಂತಲ್ಲ. ಆದರೆ ಓವರ್‌ಡೋಸ್ ಸಾವುಗಳಿಗೆ ಹೆಸರಾದ ವೆಸ್ಟ್ ವರ್ಜಿನಿಯಾದಲ್ಲಿ ಮನೆಯಿಲ್ಲದವರ ಪ್ರಮಾಣ ಇಲ್ಲಿಗಿಂತ ಎಷ್ಟೋ ಕಮ್ಮಿ. ಅಲ್ಲಿ ಬಾಡಿಗೆ ಅಗ್ಗ. ಹವಾ ಚೆನ್ನಾಗಿದೆ ಅಂತ ಬೇರೆ ರಾಜ್ಯದವರು ಬಂದು ಬೀಳುತ್ತಾರೆ ಅನ್ನುವುದೂ ಸರಿಯಲ್ಲ. ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ 2023ರಲ್ಲಿ ಪ್ರಕಟಿಸಿದ, ರಾಜ್ಯದ ಮನೆಯಿಲ್ಲದವರ ಸಮೀಕ್ಷೆಯಲ್ಲಿ ಹತ್ತರಲ್ಲಿ ಒಂಬತ್ತು ಜನ ಮನೆ ಕಳೆದುಕೊಂಡಿದ್ದು ಕ್ಯಾಲಿಫೋರ್ನಿಯಾದಲ್ಲೇ. ಅದಕ್ಕೂ ಮುಂಚಿನ ಆರು ತಿಂಗಳಲ್ಲಿ ಅರ್ಧದಷ್ಟು ಜನರ ಮನೆಯ ವರಮಾನ ತಿಂಗಳಿಗೆ 960 ಡಾಲರ್ ಕೂಡ ಇರಲಿಲ್ಲ. ಅಷ್ಟರಲ್ಲಿ ಇಲ್ಲಿ ಬಾಡಿಗೆ ಕಟ್ಟಿ ಬದುಕುವುದು ಕಷ್ಟ.

ಸರ್ಕಾರದ್ದು ದೊಡ್ಡ ಜಗಳ. ಮೊದಲು ಬೀಗ ಹಾಕಿಕೊಳ್ಳುವಂಥ ಮನೆ ಕೊಡಿ, ಚಿಕಿತ್ಸೆ ಆಮೇಲೆ ಅನ್ನುವ ‘ಹೌಸಿಂಗ್ ಫಸ್ಟ್’ 2016ರಿಂದ ರಾಜ್ಯದ ನೀತಿ. ಟೆಕ್ಸಸ್‌ನ ಹ್ಯೂಸ್ಟನ್ ನಗರ ಇದೇ ದಾರಿಯಲ್ಲಿ ಮನೆಯಿಲ್ಲದವರ ಸಂಖ್ಯೆಯನ್ನು ಅರ್ಧಕ್ಕಿಂತ ಕೆಳಗಿಳಿಸಿತು; ಅಲ್ಲಿ ಖಾಲಿ ಫ್ಲಾಟ್‌ಗಳಿದ್ದವು. ಸ್ಯಾನ್ ಹೊಸೆಯಲ್ಲಿ ವಸತಿ ಜಾಗದ ಬಹುಪಾಲಿನಲ್ಲಿ ಒಂದು ಕುಟುಂಬದ ಒಂಟಿ ಮನೆಗಳೇ ಇವೆ, ಕಟ್ಟುವುದು ದುಬಾರಿ. ಅದಕ್ಕೇ ಮೇಯರ್ ಮ್ಯಾಟ್ ಮಹಾನ್ ಬೇಗ ಎಬ್ಬಿಸಬಹುದಾದ ಪುಟ್ಟ ತಾತ್ಕಾಲಿಕ ಮನೆಗಳ ಕಡೆ ವಾಲಿದ್ದಾರೆ. ಅಲ್ಲಿಂದ ಮುಂದೆ ಹೋಗಲು ಕಾಯಂ ಮನೆ ಇಲ್ಲದಿದ್ದರೆ ಅವೂ ತುಂಬಿಕೊಂಡು ಕೂರುತ್ತವೆ ಅನ್ನುವುದು ನನ್ನ ಅಭಿಪ್ರಾಯ. ಟೆಂಟ್‌ನವರನ್ನು ಎಬ್ಬಿಸಿ ಓಡಿಸುವುದಂತೂ ಪರಿಹಾರವಲ್ಲ. ನಮ್ಮಂಥ ಹಳಬರು ಬಂದಾಗ ಕೊಯೋಟೆ ಕ್ರೀಕ್ ದಂಡೆಯಲ್ಲಿ ‘ಜಂಗಲ್’ ಅನ್ನುವ ದೊಡ್ಡ ಬಿಡಾರವಿತ್ತು. 2014ರ ಡಿಸೆಂಬರ್‌ನಲ್ಲಿ ಖಾಲಿ ಮಾಡಿಸಿದರು, ಎಷ್ಟೋ ಜನ ಅದೇ ಹೊಳೆಯ ಇನ್ನೊಂದು ತಿರುವಿಗೆ ಹೋದರು. 2024ರ ಜೂನ್‌ನ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಶೆಲ್ಟರ್‌ನಲ್ಲಿ, ಅಂದರೆ ಮನೆಯಿಲ್ಲದವರ ತಂಗುದಾಣದಲ್ಲಿ, ಜಾಗ ಇಲ್ಲದಿದ್ದರೂ ಹೊರಗೆ ಮಲಗಿದವರಿಗೆ ಊರಿನ ಆಡಳಿತ ದಂಡ ಹಾಕಬಹುದು.

ಈಗ ನಿಮ್ಮ ರೂಮು. ಅದೇ ಸಮೀಕ್ಷೆ ಪ್ರಕಾರ, ಲೀಸ್‌ನಲ್ಲಿ ಹೆಸರಿದ್ದವರಲ್ಲಿ ಅರ್ಧ ಜನಕ್ಕೆ ಮನೆ ಬಿಡುವ ಸೂಚನೆ ಸಿಕ್ಕಿದ್ದು 10 ದಿನವೋ ಅದಕ್ಕೂ ಕಮ್ಮಿಯೋ ಇದ್ದಾಗ. ಹೆಸರಿಲ್ಲದವರಿಗೆ? ಒಂದೇ ದಿನ. ನಮ್ಮಲ್ಲಿ ಕೆಲಸ ಹೋದವನು ಚಿಕ್ಕಪ್ಪನ ಪಡಸಾಲೆಯಲ್ಲಿ ಆರು ತಿಂಗಳು ಮಲಗಿದರೂ ಅತ್ತಿತ್ತ ಒಂದು ಮಾತು ಬರಬಹುದು, ಊಟ ನಿಲ್ಲಲ್ಲ. ಇಲ್ಲಿ ಅತಿಥಿ ಎಷ್ಟು ದಿನ ಇರಬಹುದು ಅಂತ ಲೀಸ್‌ನಲ್ಲೇ ಬರೆದಿರುತ್ತೆ, ಸಾಮಾನ್ಯವಾಗಿ 14 ದಿನ. ಸ್ನೇಹಿತನಿಗೆ ಮನಸ್ಸಿದ್ದರೂ ಇಟ್ಟುಕೊಳ್ಳಲಾರ.

ಲೀಸ್ ಹಿಡಿದವರು ನಿಮ್ಮ ಪಾಲನ್ನೂ ತೆಗೆದುಕೊಂಡು ಮಾಲೀಕರಿಗೆ ಕಟ್ಟದಿದ್ದರೆ ಬಾಡಿಗೆ ಕಟ್ಟಿ ಇಲ್ಲವೇ ಮನೆ ಬಿಡಿ ಅನ್ನುವ ಮೂರು ದಿನದ ನೋಟಿಸ್ ಬಾಗಿಲಿಗೆ ಅಂಟುತ್ತೆ. ಶನಿವಾರ, ಭಾನುವಾರ, ಕೋರ್ಟ್ ರಜೆ ಲೆಕ್ಕಕ್ಕಿಲ್ಲ. ಆಮೇಲೆ ಮನೆ ಬಿಡಿಸುವ ಕೇಸು, ಲೀಸ್ ಹಿಡಿದವರ ಮೇಲೆ. ಅದರ ಜೊತೆ ಸಿಪಿ10.5 ಅನ್ನುವ ಫಾರಂ ಬಂದರೆ 10 ದಿನದೊಳಗೆ ತುಂಬಿ ಕೋರ್ಟಿಗೆ ಕೊಡಿ. ನಾನೂ ಇಲ್ಲಿ ವಾಸವಿದ್ದೇನೆ ಅಂತ ಹೇಳಲು ಹೆಸರಿಲ್ಲದವರಿಗೆ ಇರುವ ದಾರಿ ಅದು. ಯಾರದೋ ಹೆಸರಿನ ಕಾಗದ, ನಮಗಲ್ಲ ಅಂತ ಕಸದ ಬುಟ್ಟಿಗೆ ಹಾಕಬೇಡಿ.

ಹಾಗಾಗಿ, ಲೀಸ್‌ಗೆ ನಿಮ್ಮ ಹೆಸರು ಸೇರಿಸಲು ಮಾಲೀಕರಿಂದ ಬರಹದಲ್ಲಿ ಒಪ್ಪಿಗೆ ಕೇಳಿ. ಆಗದಿದ್ದರೆ ಲೀಸ್ ಹಿಡಿದವರೇ ನಿಮಗೆ ಬರೆದುಕೊಡುವ ಒಳಬಾಡಿಗೆ ಕರಾರು, ಅಂದರೆ ಸಬ್‌ಲೀಸ್ ಪತ್ರ. ಬಾಡಿಗೆ ಚೆಕ್ ಅಥವಾ ಆನ್‌ಲೈನ್, ನಗದು ಬೇಡ. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ಇಲ್ಲಿಲ್ಲ: 2024ರ ಜುಲೈಯಿಂದ ಡಿಪಾಸಿಟ್ ಹೆಚ್ಚೆಂದರೆ ಒಂದು ತಿಂಗಳ ಬಾಡಿಗೆ, ಒಂದೆರಡೇ ಆಸ್ತಿಯಿರುವ ಸಣ್ಣ ಮಾಲೀಕರಾದರೆ ಎರಡು. ಖಾಲಿ ಮಾಡಿದ 21 ದಿನದೊಳಗೆ ವಾಪಸ್ ಕೊಡಬೇಕು, ಹಿಡಿದುಕೊಂಡರೆ ಲೆಕ್ಕ ಕೊಡಬೇಕು.

ನೀವು ಎಚ್-1ಬಿ ಕೆಲಸದ ವೀಸಾದಲ್ಲಿದ್ದರೆ, ಕೆಲಸ ಹೋದ ಮೇಲೆ ಬೇರೆ ದಾರಿ ಹುಡುಕಿಕೊಳ್ಳಲು ಹೆಚ್ಚೆಂದರೆ 60 ದಿನ. ಮೂರು ತಿಂಗಳ ಬಾಡಿಗೆ ಪಕ್ಕಕ್ಕಿಟ್ಟ ಮೇಲೆ ಕಾರಿನ ಮಾತು. ಊರಿನವರನ್ನು ಕಾಗದ ಕೇಳುವುದು ಹೇಗೆ ಅಂತ ಸಂಕೋಚವಾದರೆ, ಆಫೀಸಿನಲ್ಲಿ ವಿಳಾಸದ ದಾಖಲೆ ಕೇಳಿದ್ದಾರೆ ಅಂತ ಹೇಳಿ ಕೇಳಿ.