ಬನ್ನಿ ಮುಡಿದ ಐದು ದಿನಕ್ಕೆ

ಮಸ್ಕಿ ಸೀಮೆಯ ನಿವೃತ್ತ ಮಾಸ್ತರರೊಬ್ಬರ ಪತ್ರ: "ಬದುವಿನ ಜಗಳದಿಂದ ತಮ್ಮನಿಗೂ ನನಗೂ ಮೂರು ವರ್ಷದಿಂದ ಮಾತಿಲ್ಲ. ದಸರೆಗೆ ಮಾತ್ರ ಬಂದು ಬನ್ನಿ ಕೊಟ್ಟು, ಕಾಲು ಮುಟ್ಟಿ ಹೋಗುತ್ತಾನೆ. ಮರುದಿನ ಮತ್ತೆ ಮುಖ ತಿರುವುತ್ತೇವೆ. ಇಂಥ ಆಚರಣೆಗೆ ಏನು ಅರ್ಥ? ಅದೇ ದಿನ ನಮ್ಮೂರಿನ ಕೆಲವರು ಬಿಳಿ ಬಟ್ಟೆ ಉಟ್ಟು ಬುದ್ಧನಿಗೆ ಕೈ ಮುಗಿಯುತ್ತಾರೆ. ಅವರಲ್ಲಿ ಬನ್ನಿಯಂಥದ್ದು ಏನಾದರೂ ಉಂಟೇ?"

ಮಾಸ್ತರರೇ, ಶರಣು.

ನಿಮ್ಮ ಪತ್ರ ಎರಡು ದಿನ ನನ್ನ ಮೇಜಿನ ಮೇಲೇ ಇತ್ತು. ಕೊಪ್ಪಳದ ನಮ್ಮ ಮನೆಯ ದಸರೆ ನೆನಪಾಯಿತು. ಸಂಜೆ ಬನ್ನಿ ಮುಡಿದು ಬರುವಷ್ಟರಲ್ಲಿ ಪುಟ್ಟ ಎಲೆಗಳು ಅಂಗೈಯ ಬೆವರಿಗೆ ಅಂಟಿಕೊಂಡಿರುತ್ತಿದ್ದವು. ಬೆರಳಿಗೆ ಒಂದೆರಡು ಮುಳ್ಳೂ ತಾಗಿರುತ್ತಿದ್ದವು. ಮೊದಲು ದೇವರ ಮುಂದೆ ಇಟ್ಟು, ಆಮೇಲೆ ಹಿರಿಯರ ಕೈಗೆ. "ಬನ್ನಿ ತಗೊಂಡು ಬಂಗಾರದಂಗ ಇರೋಣ." ಈ ಮಾತು ಆಡದೆ ಎಲೆ ಕೊಡುವಂತಿರಲಿಲ್ಲ. ಜಗಳವಾಡಿದ ಮನೆಗೂ ಹೋಗಬೇಕು, ಅವರೂ ಬಾಗಿಲು ತೆರೆಯಬೇಕು.

ಪಾಂಡವರು ಅಜ್ಞಾತವಾಸಕ್ಕೆ ಹೊರಟಾಗ ಆಯುಧಗಳನ್ನು ಇಟ್ಟದ್ದು ಶಮೀ ವೃಕ್ಷದ ಮೇಲೆ, ಅಂದರೆ ನಮ್ಮ ಬನ್ನಿ ಗಿಡದ ಮೇಲೆ. ಆಯುಧ ಇಳಿಸಿಕೊಂಡು ಗೆದ್ದದ್ದನ್ನೇ ಎಲ್ಲರೂ ಹಬ್ಬವೆನ್ನುತ್ತಾರೆ. ನನಗೆ ಮಾತ್ರ ಅವರು ಬರಿಗೈಯಲ್ಲಿ ಕಳೆದ ಆ ಒಂದು ವರ್ಷವೇ ದೊಡ್ಡದಾಗಿ ಕಾಣುತ್ತದೆ. ಆ ಗಿಡದ ಎಲೆ ಹಿಡಿದು ಬರುವವನು ಆಯುಧ ಅಲ್ಲೇ ಬಿಟ್ಟು ಬಂದಿದ್ದಾನೆ ಅಂತ ಅರ್ಥ. ನಿಮ್ಮ ತಮ್ಮ ಮೂರು ವರ್ಷವೂ ಬಂದಿದ್ದಾನಲ್ಲ, ಅದನ್ನು ಸಣ್ಣದೆನ್ನಬೇಡಿ.

ನಿಮ್ಮೂರಿನವರು ಆ ದಿನ ಬುದ್ಧನನ್ನು ನೆನೆಯುವುದಕ್ಕೆ ಕಾರಣವಿದೆ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಅಂಬೇಡ್ಕರ್ ಅವರು ಬೌದ್ಧ ದೀಕ್ಷೆ ಪಡೆದರು. ಅಂದು ವಿಜಯದಶಮಿ. ಆದರೆ ನಿಮ್ಮ ಪ್ರಶ್ನೆಗೆ ಇನ್ನೂ ಹತ್ತಿರದ್ದೊಂದು ಬೌದ್ಧ ಪರಂಪರೆಯಲ್ಲಿದೆ. ಅದರ ಹೆಸರು ಪವಾರಣಾ, ಅಂದರೆ ನನ್ನ ತಪ್ಪು ಹೇಳಿ ಎಂದು ಜೊತೆಯವರನ್ನು ಕೇಳಿಕೊಳ್ಳುವುದು.

ಭಿಕ್ಖುಗಳು, ಅಂದರೆ ಬೌದ್ಧ ಸನ್ಯಾಸಿಗಳು, ಮಳೆಗಾಲದ ಮೂರು ತಿಂಗಳು ಒಂದೇ ಕಡೆ ನಿಲ್ಲುತ್ತಾರೆ, ನಮ್ಮ ಸ್ವಾಮಿಗಳ ಚಾತುರ್ಮಾಸ್ಯದ ಹಾಗೆ. ಕೋಸಲದ ಕೆಲವು ಭಿಕ್ಖುಗಳು, ಜಗಳವೇ ಬೇಡವೆಂದು ಮೂರು ತಿಂಗಳೂ ಒಬ್ಬರಿಗೊಬ್ಬರು ಮಾತಾಡದೆ ಕಳೆದರಂತೆ. ನೆಮ್ಮದಿಯಿಂದ ಇದ್ದೆವು ಎಂದು ಬುದ್ಧನ ಮುಂದೆ ಹೇಳಿಕೊಂಡರು. ಬುದ್ಧ ಮೆಚ್ಚಲಿಲ್ಲ. ದನಗಳ ಹಾಗೆ, ಕುರಿಗಳ ಹಾಗೆ ಕೂಡಿ ಬಾಳಿದ್ದೀರಿ ಎಂದು ಗದರಿಸಿ, ಮೂಕವ್ರತವನ್ನೇ ನಿಷೇಧಿಸಿದ. ಅದರ ಬದಲು ಪವಾರಣಾ ವಿಧಿಸಿದ. ಭಿಕ್ಖುಗಳ ನಿಯಮಗಳ ಗ್ರಂಥವಾದ ವಿನಯಪಿಟಕದ ಮಹಾವಗ್ಗ ಎಂಬ ಭಾಗದಲ್ಲಿದೆ ಈ ಕಥೆ. ಮೂರು ವರ್ಷದ ನಿಮ್ಮ ಮೌನ ಓದುವಾಗ ನನಗೆ ಇದೇ ಹೊಳೆದದ್ದು.

ಮಳೆಗಾಲದ ಆ ವಾಸ ಮುಗಿಯುವ ಹುಣ್ಣಿಮೆಗೆ ಸಂಘ ಸೇರುತ್ತದೆ. ಒಬ್ಬ ಭಿಕ್ಖು ಕುಕ್ಕರಗಾಲಲ್ಲಿ ಕೂತು, ಕೈ ಜೋಡಿಸಿ, ಕೇಳುತ್ತಾನೆ: ನನ್ನಲ್ಲಿ ತಪ್ಪು ಕಂಡಿದ್ದರೆ, ಕೇಳಿದ್ದರೆ, ಅನುಮಾನವಿದ್ದರೂ ಸರಿ, ಕರುಣೆಯಿಟ್ಟು ಹೇಳಿ, ತಪ್ಪು ಕಂಡರೆ ತಿದ್ದಿಕೊಳ್ಳುತ್ತೇನೆ. ಹೀಗೆ ಮೂರು ಸಲ. ಬನ್ನಿಯಲ್ಲಿ ಕಿರಿಯರು ಹಿರಿಯರ ಹತ್ತಿರ ಹೋಗುತ್ತಾರೆ. ಇಲ್ಲಿ ಎಲ್ಲರಿಗಿಂತ ಮೊದಲು ಕೇಳುವವನು ಹಿರಿಯ. ಐನೂರು ಭಿಕ್ಖುಗಳ ಮುಂದೆ ಸ್ವತಃ ಬುದ್ಧನೇ, ನನ್ನ ನಡೆಯಲ್ಲಿ, ನುಡಿಯಲ್ಲಿ ಆಕ್ಷೇಪಿಸುವಂಥದ್ದು ಇದೆಯೇ ಎಂದು ಕೇಳಿದ ಪ್ರಸಂಗವೂ ಉಂಟು. ಇದನ್ನು ಓದಿದಾಗಲೆಲ್ಲ ನನಗೆ ಕಣ್ಣು ಒದ್ದೆಯಾಗುತ್ತದೆ.

ಒಂದು ಇನ್ನೊಂದರಿಂದ ಬಂತು ಎಂದು ನಾನು ಹೇಳುತ್ತಿಲ್ಲ. ಬನ್ನಿ ಬಾಗಿಲು ತೆರೆಸುತ್ತದೆ. ಒಳಗಿನ ಮಾತು ಹೊರಗೆ ಬರಬೇಕಾದರೆ ಪವಾರಣಾ ಬೇಕು. ನಿಮ್ಮ ಮಸ್ಕಿಯ ಬಂಡೆಯ ಮೇಲೆ 1915ರಲ್ಲಿ ಸಿಕ್ಕ ಅಶೋಕನ ಶಾಸನದಲ್ಲೂ ಧರ್ಮದ ಮಾತು ಸಣ್ಣವರಿಗೂ ದೊಡ್ಡವರಿಗೂ ಒಂದೇ.

ಮಾಸ್ತರರೇ, ದಸರೆಯಾದ ಐದನೇ ದಿನಕ್ಕೆ ಸೀಗಿ ಹುಣ್ಣಿಮೆ. ಪವಾರಣೆಯ ಹುಣ್ಣಿಮೆಯೂ ಅದೇ. ಚರಗ ಚೆಲ್ಲಲು, ಅಂದರೆ ಭೂತಾಯಿಗೆ ಎಡೆ ಚೆಲ್ಲಲು, ನೀವಿಬ್ಬರೂ ಹೊಲಕ್ಕೆ ಹೋಗೇ ಹೋಗುತ್ತೀರಿ, ನಡುವೆ ಇರುವುದು ಅದೇ ಬದು. ಈ ಸಲ ಬುಟ್ಟಿ ಇಳಿಸಿ ನೀವೇ ಕರೆಯಿರಿ: "ತಮ್ಮಾ, ನಂದೇನು ತಪ್ಪು ಐತಿ ಹೇಳಪಾ." ಅವನು ಹೇಳಿ ಮುಗಿಸುವ ತನಕ ನಡುವೆ ಬಾಯಿ ಹಾಕಬೇಡಿ. ಏನಾಯಿತೆಂದು ನನಗೆ ಬರೆಯಿರಿ, ಕಾಯುತ್ತಿರುತ್ತೇನೆ.

— ಸಂಪಾದಕ